ಝಾರಿಯ ನೀರು

ಅಕ್ಕೋರು ತೀರಿಕೊಂಡ ದಿನ, ಅವರ ಬಾಯಿಗೆ ತುಳಸಿ ನೀರು ಬಿಡುವ ಹೊತ್ತಿನಲ್ಲಿ, ನಮ್ಮ ಓಣಿಯ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಅಂದಳು: "ಗಂಡಗಂತೂ ಒಂದ ಹನಿ ಕೊಡಲಿಲ್ಲ. ತಾನರ ಕುಡದು ಹೋಗಲಿ, ಪಾಪ."

ಕಿವಿಯಲ್ಲಿ ಅಂದದ್ದು ಹೆಸರಿಗಷ್ಟೇ. ಅಂಗಳದಲ್ಲಿ ನಿಂತವರಿಗೆಲ್ಲ ಕೇಳಿಸಿತು. ನನ್ನ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ಆಕೆಯ ಹಣೆಗೆ ಗುರಿಯಿಟ್ಟು ಒಗೆಯಬೇಕು ಅನ್ನಿಸಿತು. ಹೆಣದ ಮುಂದೆ ರಂಪ ಬೇಡವೆಂದು ಹಲ್ಲು ಕಚ್ಚಿಕೊಂಡೆ. ಕಚ್ಚಿಕೊಂಡ ಹಲ್ಲು ಇವತ್ತಿಗೂ ಸಡಿಲವಾಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅವರ ಎದುರು ಮನೆಯವಳು. ಧಾರವಾಡದ ಸಪ್ತಾಪುರದಲ್ಲಿ, ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕಾದಂಥ ಓಣಿ ನಮ್ಮದು. ಮುಕ್ಕಾಲು ಮನೆಗಳ ಮಾಳಿಗೆಯ ಮೇಲೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಾಡಿಗೆಗಿದ್ದಾರೆ. ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ನನಗೆ ಲೆಕ್ಕ ಕಲಿಸಿದವರೂ ಇವರೇ. ಮುಂದೆ ನಾನು ಮದುವೆಯಾಗಿ ಅವರ ಎದುರು ಮನೆಗೇ ಬಂದೆ, ಕಾಲೇಜೊಂದರ ಆಫೀಸಿನಲ್ಲಿ ಕೂತು ದೊಡ್ಡ ದೊಡ್ಡ ಪ್ರೊಫೆಸರುಗಳನ್ನು ಗದರಿಸಿದೆ, ಐವತ್ತು ದಾಟಿದೆ. ಅವರ ಬಾಯಲ್ಲಿ ಮಾತ್ರ ಕಡೆಯವರೆಗೂ 'ಏ ಹುಡುಗಿ'ಯೇ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಕಿವಿ ಹಿಂಡುತ್ತಾರೆ.

ಕಿವಿ ಹಿಂಡುವುದರಲ್ಲಿ ಅವರ ಕೈ ಬಹಳ ಗಟ್ಟಿ. ಸಣ್ಣ ಆಳು, ಬಿಗಿಯಾದ ತುರುಬು, ನೆರಿಗೆಯ ಅಂಚು ಪಾದಕ್ಕಿಂತ ಒಂದು ಬೆರಳು ಮೇಲೆಯೇ. ನಗುವುದು ಕಡಿಮೆ. ಯಾರಾದರೂ ಅವರ ಮುಂದೆ ಗೊತ್ತಿಲ್ಲದ ವಿಷಯ ಮಾತಾಡಿದರೆ ಒಂದೇ ಮಾತು: "ಮೊದಲ ಬಟ್ಟ ಹಾಕು, ಆಮ್ಯಾಲೆ ಬಾಯಿ ಹಾಕು." ಬಟ್ಟು ಅಂದರೆ ಬೆರಳು. ಅವರು ಎಲ್ಲದಕ್ಕೂ ಬೆರಳು ಹಾಕಿ ನೋಡುವವರು. ಅನ್ನದ ನೀರಿಗೆ, ಕುಂಡದ ಮಣ್ಣಿಗೆ, ಇಡ್ಲಿ ಹಿಟ್ಟಿಗೆ. ಕಡೆಗೆ ಗಂಡನ ಕಾಲಿಗೂ ಬೆರಳು ಹಾಕಬೇಕಾಯಿತು. ಬೆಳಿಗ್ಗೆ ಎದ್ದ ಕೂಡಲೆ ಕಾಕಾನ ಪಾದದ ಗಂಟಿನ ಹತ್ತಿರ ಹೆಬ್ಬೆರಳು ಒತ್ತಿ ಹಿಡಿದು ಬಿಡುತ್ತಿದ್ದರು. ಬಿದ್ದ ಕುಳಿ ಲಗೂ ತುಂಬಿಕೊಂಡರೆ ಆ ದಿನ ಛಲೋ ದಿನ. ಕುಳಿ ಹಾಗೇ ನಿಂತರೆ ಅವರ ಮುಖವೂ ಹಾಗೇ ನಿಲ್ಲುತ್ತಿತ್ತು.

ಕಾಕಾ ಅಂದರೆ ಅವರ ಗಂಡ. ಓಣಿಗೆಲ್ಲ ಆತ ಕಾಕಾ. ರೈಲ್ವೆಯಲ್ಲಿದ್ದು ನಿವೃತ್ತನಾದ ಮನುಷ್ಯ, ಬಾಯಿ ತುಂಬ ಮಾತು, ಹೊಟ್ಟೆ ತುಂಬ ನಗು. ಇಂಥ ಗಂಡಸಿಗೆ ಇಂಥ ಹೆಂಗಸು ಹೇಗೆ ಗಂಟುಬಿದ್ದಳೋ ಎಂದು ಓಣಿ ಮೊದಲಿನಿಂದಲೂ ಆಡಿಕೊಳ್ಳುತ್ತಿತ್ತು. ಮಕ್ಕಳಿರಲಿಲ್ಲ. ಅದನ್ನೂ ಅಕ್ಕೋರ ಲೆಕ್ಕಕ್ಕೇ ಬರೆದಿದ್ದರು, ಮಂದಿ ಅಷ್ಟು ಒಳ್ಳೆಯವರು! ಶಿವರಾತ್ರಿ ಮುಗಿದು ಬಿಸಿಲು ಏರಿತೆಂದರೆ ಕಾಕಾ ಓಣಿಯ ಬಾಯಿಗೆ ಅರವಟ್ಟಿಗೆ ಇಡುತ್ತಿದ್ದ. ಮೂರು ಮಣ್ಣಿನ ಹರವಿ, ಸುತ್ತಲೂ ಒದ್ದೆ ಗೋಣಿಚೀಲ, ಮೇಲೊಂದು ತಗಡಿನ ಮುಚ್ಚಳ, ಲಾವಂಚದ ಬೇರು. ದಾರಿಹೋಕರನ್ನು ತಾನೇ ಕೂಗಿ ಕರೆಯುತ್ತಿದ್ದ. "ಬರ್ರಿ, ಬರ್ರಿ, ನೀರ ಕುಡದು ಹೋಗ್ರಿ. ಬಿಸಲಾಗ ಎಲ್ಲಿ ಓಡಾಕತ್ತೀರಿ?" ಸೈಕಲ್ಲಿನವರು, ಆಟೋದವರು, ಪುಸ್ತಕದ ಚೀಲ ಹೊತ್ತ ಹುಡುಗರು, ಎಲ್ಲರೂ ನಿಂತು ಕುಡಿದು ಹೋಗುತ್ತಿದ್ದರು.

ಅಂಥವನ ಮೂತ್ರಪಿಂಡ ಕೆಟ್ಟಿತು. ದೇವರಿಗೆ ಕಣ್ಣಿಲ್ಲ ಅನ್ನುವುದು ಸುಳ್ಳು. ಕಣ್ಣಿದೆ, ಹುಡುಕಿ ಹುಡುಕಿ ಹೊಡೆಯುತ್ತಾನೆ.

ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ಡಾಕ್ಟರು ಎರಡು ಮಾತು ಹೇಳಿ ಕಳಿಸಿದರು: ಉಪ್ಪು ಬಿಡಬೇಕು, ನೀರು ಅಳೆದು ಕುಡಿಯಬೇಕು. ಕುಡಿದ ನೀರು ಹೊರಗೆ ಹೋಗುವ ದಾರಿಯೇ ಮುಚ್ಚಿದೆ. ಹೆಚ್ಚು ಕುಡಿದರೆ ಮೊದಲು ಕಾಲು ಬಾಯುತ್ತದೆ, ಆಮೇಲೆ ಎದೆಯಲ್ಲಿ ನಿಲ್ಲುತ್ತದೆ. ಅಕ್ಕೋರು ಒಂದು ಸಣ್ಣ ಸ್ಟೀಲಿನ ಲೋಟ ತೆಗೆದಿಟ್ಟರು. ಚಹಾ, ಸಾರು, ಗುಳಿಗೆ ನುಂಗುವ ಗುಟುಕು, ಎಲ್ಲವೂ ಆ ಲೋಟದ ಲೆಕ್ಕದಲ್ಲಿ. ಆ ವರ್ಷ ಅರವಟ್ಟಿಗೆ ಇಡಲಿಲ್ಲ. ಇಟ್ಟರೆ ಕಾಕಾ ಹರವಿಯ ಹತ್ತಿರವೇ ಕೂಡುತ್ತಿದ್ದ. ಹರವಿಗಳನ್ನು ಅಕ್ಕೋರು ಹಿತ್ತಲಲ್ಲಿ ಬೋರಲು ಹಾಕಿದರು.

ಇಷ್ಟರಲ್ಲಿಯೇ ಮುಗಿದಿದ್ದರೆ ಓಣಿ ಸುಮ್ಮನಿರುತ್ತಿತ್ತೇನೋ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ. ಆಮೇಲೆ ಮಾತು. ವೈರಿ ಬಂದರೂ ಇದು ತಪ್ಪುವುದಿಲ್ಲ. ಅಕ್ಕೋರು ಅದನ್ನು ನಿಲ್ಲಿಸಿಬಿಟ್ಟರು. ಪಡಸಾಲೆಯಲ್ಲಿ ಕಾಕಾ ಕೂತಿರುತ್ತಿದ್ದ, ಅವನ ಕಣ್ಣ ಮುಂದೆ ಇನ್ನೊಬ್ಬರು ಗಟಗಟ ಕುಡಿಯುವುದು ಬೇಡವೆಂದು. ರೋಗಿಯನ್ನು ನೋಡಲು ಬಂದ ನೆಂಟರು ಬಾಯಿ ಒಣಗಿಸಿಕೊಂಡು ಎದ್ದು ಹೋದರು. ಒಬ್ಬರು ಕೇಳಿಯೇ ಬಿಟ್ಟರು, "ಒಂದ ಗುಟುಕ ನೀರ ಸಿಗತೈತೇನ್ರಿ?" ಅಕ್ಕೋರು, "ಹೊರಗ ಅಂಗಡಿಯಾಗ ಸಿಗತೈತ್ರಿ" ಅಂದರು. ಮರುದಿನಕ್ಕೆ ಅದು ಓಣಿ ದಾಟಿ ಊರ ಮಾತಾಗಿತ್ತು. ನೀರು ಕೊಡದಾಕಿ. ಊರಿಗೆಲ್ಲ ನೀರು ಕುಡಿಸಿದ ಗಂಡನನ್ನು ನೀರಿಲ್ಲದೆ ಒಣಗಿಸುವಾಕಿ.

ನಾನೊಮ್ಮೆ ಹೇಳಿದೆ, "ಅಕ್ಕೋರ, ಡಾಕ್ಟರ್ ಹೇಳ್ಯಾರ ಅಂತ ಮಂದಿಗೆ ತಿಳಿಸಿ ಹೇಳ್ರಿ."

"ಮಂದಿಗೆ ಹೇಳೂದ್ರಾಗ ನನಗ ಏನ ಲಾಭ? ಅವರಿಗೆ ಗೊತ್ತಿಲ್ಲೇನು? ಗೊತ್ತೈತಿ. 'ಒಂದ ಗುಟುಕಿಲೆ ಏನಾಗತೈತಿ' ಅಂತಾರ. ಒಬ್ಬೊಬ್ಬರು ಒಂದೊಂದ ಗುಟುಕ ಕೊಟ್ಟರ ಸಾಕು, ನನ್ನ ಕುಂಕುಮ ತೊಳಕೊಂಡು ಹೋಗತೈತಿ." ಹೀಗಂದು ಬಾಗಿಲು ಹಾಕಿಕೊಂಡರು. ನನ್ನ ಮುಖದ ಮೇಲೆಯೇ.

ಆಗಿನ್ನೂ ನಮ್ಮ ಓಣಿಗೆ ನಳದ ನೀರು ದಿನವೂ ಬರುತ್ತಿರಲಿಲ್ಲ. ಬಂದ ದಿನ ಇಡೀ ಓಣಿ ಕೊಡ, ಬಕೀಟು, ಪಾತೇಲಿ ಹಿಡಿದು ಎದ್ದು ಕುಣಿಯುತ್ತಿತ್ತು. ಆ ದಿನ ಅಕ್ಕೋರು ಗಂಡನನ್ನು ಒಳಗಿನ ಕೋಣೆಗೆ ಕಳಿಸಿ ರೇಡಿಯೋ ಹಚ್ಚುತ್ತಿದ್ದರು. ಕಾಕಾ ನನಗೆ ಒಮ್ಮೆ ಅಂದ, "ಹಸಿವು ತಡಕೋಬಹುದವಾ. ಈ ನೀರಡಿಕಿ ಹಂಗಲ್ಲ. ನಳದ ಸಪ್ಪಳ ಕೇಳಿದ್ರ ಎದಿ ಹೊಯ್ಕೊಂತೈತಿ. ರೇಡಿಯೋ ಎಷ್ಟ ದೊಡ್ಡದ ಹಚ್ಚಿದರೂ ಕಿವಿಗೆ ಅದ ಕೇಳತೈತಿ." ಹೇಳಿ ನಕ್ಕ. ತುಟಿ ಒಡೆದು ರಕ್ತ ಜಿನುಗಿತು.

ಇನ್ನು ಉಪ್ಪಿನ ಕಥೆ. ಉಪ್ಪಿಲ್ಲದ ಊಟವನ್ನು ಕಾಕಾ ಮುಟ್ಟಲೊಲ್ಲ. ತಾಟು ಸರಿಸುತ್ತಿದ್ದ, ಮಗುವಿನಂತೆ ಮುಖ ತಿರುಗಿಸುತ್ತಿದ್ದ. ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳುವ ಹುಡುಗಿಯೊಬ್ಬಳು, ಉಪ್ಪಿಲ್ಲದ ಅಡುಗೆಗೆ ವಾಸನೆಯ ಸೊಪ್ಪು ಚೂರು ಹಾಕಿ ನೋಡಿ, ರೋಸ್ಮೇರಿ ಅಂತ ಒಂದು ಗಿಡವಿದೆ, ಅಂದಳಂತೆ. ಅಕ್ಕೋರು ಅದೇ ದಿನ ಬರುವ ದಾರಿಯಲ್ಲಿ ನರ್ಸರಿಯಿಂದ ಒಂದು ಸಸಿ ತಂದರು. ಸಪೂರ ಕಾಂಡ, ಸೂಜಿಯಂಥ ಎಲೆ. ನಾನು ನೋಡಿ, "ಇದೇನ್ರಿ, ಬಾಟಲಿ ತಿಕ್ಕೋ ಬ್ರಶ್ ತಂದೀರಿ?" ಅಂದೆ. ನಗಲಿಲ್ಲ.

ಆ ಮೊದಲನೆಯ ಗಿಡ ಸತ್ತಿತು. ಕಾಕಾನ ತಂಗಿ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುತ್ತಾಳೆ. ಅವರ ಹೊಲದ ಎರೆಮಣ್ಣು, ಬಂಗಾರದಂಥ ಕರಿಮಣ್ಣು, ಚೀಲದಲ್ಲಿ ಕಳಿಸಿದ್ದಳು. ಜೋಳ, ಕಡಲೆಗೆ ಅದು ಬಂಗಾರವೇ. ಆದರೆ ಕುಂಡದಲ್ಲಿ ನೀರು ಹಿಡಿದು ಕೂತುಬಿಡುತ್ತದೆ. ಗಿಡದ ಎಲೆ ಒಣಗತೊಡಗಿತು. ಒಣಗಿದೆಯೆಂದು ಅಕ್ಕೋರು ಇನ್ನಷ್ಟು ನೀರು ಹಾಕಿದರು. ಇನ್ನಷ್ಟು ಒಣಗಿತು. ಕಡೆಗೆ ಬೇರುಸಹಿತ ಕಿತ್ತು ನೋಡಿದರೆ ಬೇರು ಕಪ್ಪಾಗಿ, ಕೊಳೆತು, ಬೆರಳಿಗೆ ಅಂಟಿಕೊಂಡು ಬಂತು. ಆ ಬೇರು ಕೈಯಲ್ಲಿ ಹಿಡಿದು ಅವರು ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು. ನಾನು ಗೇಟಿನಲ್ಲಿ ನಿಂತಿದ್ದೆ.

"ಏ ಹುಡುಗಿ, ಇಲ್ಲಿ ನೋಡು. ಮ್ಯಾಲೆ ನೀರಿಲ್ಲದ ಒಣಗೇತಿ ಅನಿಸತೈತಿ, ಕೆಳಗ ನೀರಾಗ ಮುಣಗಿ ಸತ್ತೈತಿ. ಥೇಟ್ ನಿಮ್ಮ ಕಾಕಾ." ಆಮೇಲೆ ಮೆಲ್ಲಗೆ, "ಅವರಿಗೂ ಹಂಗ ಅಲ್ಲೇನು? ಮೈ ತುಂಬ ನೀರೈತಿ, ನಾಲಿಗಿ ಒಣಗೇತಿ" ಅಂದರು.

ಎರಡನೆಯ ಗಿಡದ ಹತ್ತಿರಕ್ಕೂ ಎರೆಮಣ್ಣು ತರಲಿಲ್ಲ. ನಮ್ಮ ಧಾರವಾಡದ ಕೆಮ್ಮಣ್ಣು, ಅದರಷ್ಟೇ ಉಸುಕು, ಒಡೆದ ಇಟ್ಟಂಗಿಯ ಚೂರು. ಬಣ್ಣ ಬಳಿಯದ ಮಣ್ಣಿನ ಕುಂಡ, ಕೆಳಗೆ ಎರಡು ಇಟ್ಟಂಗಿ, ನೀರು ನಿಲ್ಲದೆ ಹರಿದು ಹೋಗಲೆಂದು. ದಿನದ ಬಿಸಿಲೆಲ್ಲ ಬೀಳುವ ಅಂಗಳದ ಮೂಲೆ. ಮಳೆ ಹಿಡಿಯಿತೆಂದರೆ ಕುಂಡ ಸೂರಿನ ಕೆಳಗೆ. ಧಾರವಾಡದ ಮಳೆ ಹಿಡಿದರೆ ಅಳಿಯ ಮಾವನ ಮನೆಯಲ್ಲಿ ಕೂತಂತೆ, ಏಳುವ ಮಾತೇ ಇಲ್ಲ. ಬೆರಳು ಎರಡು ಗೆಣ್ಣು ಇಳಿಸಿ, ಅಲ್ಲಿಯ ತನಕ ಒಣಗಿದ್ದರಷ್ಟೇ ನೀರು. ಚಿಗುರು ಕೊಯ್ದರೂ ಹಸಿರು ಕಡ್ಡಿ ಇರುವ ತನಕ ಮಾತ್ರ, ಕಟ್ಟಿಗೆಯಾದ ಭಾಗಕ್ಕೆ ಕತ್ತರಿ ತಾಗಿಸಬಾರದು, ಅಲ್ಲಿಂದ ಮತ್ತೆ ಚಿಗುರುವುದಿಲ್ಲ. ಇದೆಲ್ಲ ನನಗೆ ಒಪ್ಪಿಸಿ ಹೇಳಿಸಿದರು, ಮಗ್ಗಿ ಹೇಳಿಸಿದ ಹಾಗೆ.

ಗಿಡ ಹತ್ತಿಕೊಂಡಿತು. ಸೊಂಟದೆತ್ತರ ಬೆಳೆಯಿತು. ತಿಳಿನೀಲಿ ಹೂವೂ ಬಿಟ್ಟಿತು. ಅನ್ನಕ್ಕೆ ಬೆಳ್ಳುಳ್ಳಿಯೊಡನೆ ಆ ಎಲೆ ಚೂರು ಒಗ್ಗರಿಸಿ ಹಾಕಿದರೆ ಕಾಕಾ, "ಆಸ್ಪತ್ರಿ ವಾಸನಿ ಬರತೈತಿ, ಆದ್ರ ಛಲೋ ಆಸ್ಪತ್ರಿ" ಎಂದು ಉಣ್ಣುತ್ತಿದ್ದ. ಉಂಡನಲ್ಲ, ಅದೇ ದೊಡ್ಡದು. ಮಾಳಿಗೆಯ ಹುಡುಗಿಯರ ಕಣ್ಣಿಗೆ ಗಿಡ ಬಿತ್ತು. ಮೊಬೈಲಿನಲ್ಲಿ ನೋಡಿದ್ದರಂತೆ, ಇದರ ನೀರು ಹಚ್ಚಿದರೆ ಕೂದಲು ಉದುರುವುದು ನಿಲ್ಲುತ್ತದಂತೆ. ಸಾಲಾಗಿ ಬಂದು ನಿಂತರು. ಅಕ್ಕೋರು ಒಬ್ಬೊಬ್ಬಳನ್ನೇ ಅಡಿಯಿಂದ ಮುಡಿಯವರೆಗೆ ನೋಡಿ, "ತಲಿ ಮ್ಯಾಲಿಂದು ಉದರಿದ್ರ ನಡೀತೈತಿ, ತಲಿ ಒಳಗಿಂದು ಉಳಸ್ಕೋರಿ, ಪರೀಕ್ಷಾ ಹತ್ರ ಬಂತು. ಇದು ನನ್ನ ಗಂಡನ ಊಟ. ನಡೀರಿ" ಅಂದರು. ನಾನು ನಕ್ಕು ನಕ್ಕು ಸಾಯಬೇಕು.

ನೀರು ಹಾಕುವ ಕೆಲಸ ಕಾಕಾನಿಗೆ ವಹಿಸಿದರು. ಸುಮ್ಮನೆ ಕೂತು ಕೂತು ಮನುಷ್ಯ ಕೊರಗುತ್ತಿದ್ದ. ಉದ್ದ ಕೊಕ್ಕಿನ ಒಂದು ಪುಟ್ಟ ತಗಡಿನ ಝಾರಿ ಕೊಂಡು ತಂದರು. ಬೆಳಿಗ್ಗೆ ಅಕ್ಕೋರೇ ಅದರಲ್ಲಿ ಒಂದಿಷ್ಟು ನೀರು ತುಂಬಿ ಕೊಡುತ್ತಿದ್ದರು, ಕಾಕಾ ಅದನ್ನು ಹಿಡಿದು ಗಿಡದ ಹತ್ತಿರ ಸ್ಟೂಲು ಹಾಕಿಕೊಂಡು ಕೂಡುತ್ತಿದ್ದ. ಅಕ್ಕೋರು ಒಳಗೆ ಅಡುಗೆಗೆ ಹೋಗುತ್ತಿದ್ದರು. ಎಂಥ ಉಮೇದು ಬಂತು ಆತನಿಗೆ! ಹೋಗಿಬರುವವರನ್ನು ಕರೆದು ತೋರಿಸುತ್ತಿದ್ದ. "ನೋಡ್ರಿ, ನನ್ನ ಕೈಗುಣ. ಅಕ್ಕೋರ ಕೈಯಾಗ ಒಂದ ಸತ್ತಿತ್ತು, ನನ್ನ ಕೈಯಾಗ ಹೆಂಗ ಎದ್ದೈತಿ!"

ಡಯಾಲಿಸಿಸ್ಸಿಗೆ ಹೋಗುವ ದಿನ ಇಬ್ಬರೂ ಹೊತ್ತೇರುವ ಮುಂಚೆ ಬಸ್ಸು ಹಿಡಿಯುತ್ತಿದ್ದರು. ಆ ದಿನ ಗಿಡ ನನ್ನ ಪಾಲಿಗೆ. "ಬಟ್ಟ ಹಾಕಿ ನೋಡು. ಒಣಗಿದ್ರ ಅಕ್ಕಿ ತೊಳದ ನೀರ ಇಟ್ಟೇನಿ, ಅದನ್ನ ಹಾಕು." ನಾನು ಬೆರಳು ಹಾಕಿದಾಗೆಲ್ಲ ಮಣ್ಣು ಬುಡದ ತನಕ ಒಣಗಿರುತ್ತಿತ್ತು. ನನಗೆ ಸೋಜಿಗ. ದಿನಾ ಝಾರಿ ನೀರು ಹಾಕುತ್ತಾನಲ್ಲ ಈ ಮನುಷ್ಯ, ಹೋಗುತ್ತದೆ ಎಲ್ಲಿಗೆ?

ಒಂದು ಬೆಳಿಗ್ಗೆ ಕರಿಬೇವು ಕೇಳಲು ಅವರ ಅಡುಗೆಮನೆಗೆ ಹೋಗಿದ್ದೆ. ಅಕ್ಕೋರು ಝಾರಿ ತುಂಬುತ್ತಿದ್ದರು. ಬಕೀಟಿನಿಂದ ಅಲ್ಲ. ಕಾಸಿ, ಆರಿಸಿ, ಬಿಳಿ ಅರಿವೆಯಲ್ಲಿ ಸೋಸಿ ಮುಚ್ಚಿಟ್ಟ ಕುಡಿಯುವ ನೀರಿನಿಂದ. ಅದೂ ಆ ಸಣ್ಣ ಸ್ಟೀಲಿನ ಲೋಟದಲ್ಲಿ ಅಳೆದು. ಝಾರಿಯ ಒಳಮೈ ಫಳಫಳ ಹೊಳೆಯುತ್ತಿತ್ತು. ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೊಳಪು ಅದು.

"ಗಿಡಕ್ಕ ಯಾಕ್ರಿ ಕಾಸಿದ ನೀರು?"

ಅಕ್ಕೋರು ನನ್ನ ಕಡೆ ನೋಡಲಿಲ್ಲ. "ಗಿಡಕ್ಕ ಅಂತ ಯಾರ ಹೇಳಿದ್ರು ನಿನಗ?"

ಕಿಟಕಿಯ ಕಡೆ ಕಣ್ಣು ತೋರಿಸಿದರು. ಅಂಗಳದಲ್ಲಿ ಕಾಕಾ, ಕೈಗೆ ಬಂದ ಝಾರಿ ಹಿಡಿದು, ಓಣಿಯ ಕಡೆ ಒಮ್ಮೆ ನೋಡಿ, ಬಾಗಿಲ ಕಡೆ ಒಮ್ಮೆ ನೋಡಿ, ಕೊಕ್ಕನ್ನು ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿಕೊಂಡು ಕುಡಿದ. ಆಮೇಲೆ ಗಿಡದ ಮೇಲೆ ಖಾಲಿ ಝಾರಿ ಬಗ್ಗಿಸಿ ಅಲ್ಲಾಡಿಸಿದ, ಹಾಕಿದಂತೆ ತೋರಲು.

"ಮೊದಲ ದಿನಾನ ಗೊತ್ತಾತು ನನಗ," ಅಂದರು ಅಕ್ಕೋರು. "ಮಣ್ಣಿಗೆ ಬಟ್ಟ ಹಾಕಿದೆ, ಒಣಾ ಒಣಾ. ಬೈಬೇಕು ಅಂತ ಬಾಯಿತನಾ ಬಂದಿತ್ತು. ಆಮ್ಯಾಲೆ ವಿಚಾರ ಮಾಡಿದೆ. ನಾ ಕೊಟ್ಟದ್ದು ಕುಡದ್ರ ಅವರಿಗೆ ಔಷಧ ಕುಡದಂಗ ಆಗತೈತಿ. ಕದ್ದು ಕುಡದ್ರ ನೀರ ಕುಡದಂಗ ಆಗತೈತಿ. ಕುಡೀಲಿ. ಅವರ ಲೆಕ್ಕದಾಗಿಂದ ಮಧ್ಯಾಹ್ನದ್ದು ಕಡಿಮಿ ಮಾಡೇನಿ. ಮಧ್ಯಾಹ್ನ ಕೊಡದಿದ್ರ ನನಗ ಬೈತಾರ, ಬೈಲಿ."

ನನಗೆ ಕರಿಬೇವು ಮರೆತುಹೋಯಿತು. ಸೆರಗು ಕಣ್ಣಿಗೆ ಒತ್ತಿಕೊಂಡೆ.

"ಅಳತೀಯೇನು? ಅಳೂದಿದ್ರ ಹೊರಗ ಹೋಗಿ ಅಳು. ಅವರು ಕಂಡ್ರ ಏನಾತು ಅಂತ ಕೇಳತಾರ. ಮತ್ತ ಯಾರ ಮುಂದರ ಬಾಯಿ ಬಿಟ್ಟೆಂದ್ರ ನೋಡು. ಗಿಡದ ಪಾಲಿಂದು ಕದ್ದು ಕುಡೀತಾನ ಅಂತ ಮಂದಿ ಅವರನ್ನ ನೋಡಿ ನಗಬಾರದು." ತಮ್ಮನ್ನು ನೋಡಿ ಮಂದಿ ಏನನ್ನುತ್ತಾರೆಂಬುದು ಮಾತ್ರ ಅವರ ಲೆಕ್ಕದಲ್ಲಿ ಇರಲಿಲ್ಲ.

ಆ ಮಳೆಗಾಲದಲ್ಲಿ ಕಾಕಾನ ತಂಗಿ ಅಣ್ಣನನ್ನು ನೋಡಲು ಬಂದಳು. ಕೆಟ್ಟವಳಾಗಿದ್ದರೆ ಬಹಳ ಸಲೀಸಿತ್ತು, ಬೈದು ಮುಗಿಸುತ್ತಿದ್ದೆ. ಕೆಟ್ಟವಳಲ್ಲ ಆಕೆ. ಅಣ್ಣನ ಒಡೆದ ತುಟಿ ನೋಡಿ ಅಂಗಳದಲ್ಲಿಯೇ ಕುಸಿದು ಕೂತು ಅತ್ತಳು. ಯಾರೋ ಕರೆದವರಂತೆ ಓಣಿಯ ಹೆಂಗಸರು ಗೇಟಿಗೆ ಬಂದು ನಿಂತರು.

"ವೈನಿ, ನಾಯಿಗೂ ನೀರ ಇಡತಾರ್ರೀ! ನೀರಿಲ್ಲದ ಕೊಲ್ಲಾಕತ್ತೀರೇನು ನನ್ನ ಅಣ್ಣನ್ನ?"

ಅಕ್ಕೋರು ಕಾಲು ಬಾಯುವುದು, ಎದೆಯಲ್ಲಿ ನಿಲ್ಲುವುದು, ಎಲ್ಲ ಹೇಳಿದರು. ಆಕೆ ಮೂಗು ಒರೆಸಿಕೊಳ್ಳುತ್ತ ಹೂಂಗುಟ್ಟಿದಳು. ಡಯಾಲಿಸಿಸ್ ಹೇಗೂ ಹುಬ್ಬಳ್ಳಿಯಲ್ಲಿ, ಮಳೆಯಲ್ಲಿ ಬಸ್ಸಿನ ಒದ್ದಾಟ ಯಾಕೆ, ನಾಲ್ಕು ದಿನ ನಮ್ಮ ಮನೆಯಲ್ಲಿರಲಿ, ಅಂದಳು. ಅಕ್ಕೋರು ಗಂಡನ ಮುಖ ನೋಡಿದರು. ಆ ಮುಖದಲ್ಲಿ ಆಸೆ ಕಾಣುತ್ತಿತ್ತು. ಯಾರಿಗಾದರೂ ಕಾಣುವಂತೆ.

"ಹೋಗಿ ಬರಲೇನು?" ಅಂದ ಕಾಕಾ. ಸಾಲಿ ಹುಡುಗ ಮೂತ್ರಕ್ಕೆ ಕೇಳಿದ ಹಾಗೆ.

"ಹೋಗಿ ಬರ್ರಿ."

ಸಣ್ಣ ಲೋಟವನ್ನು ಅಕ್ಕೋರು ನಾದಿನಿಯ ಕೈಯಲ್ಲಿ ಕೊಟ್ಟು, ದಿನಕ್ಕೆ ಎಷ್ಟೆಂದು ಮತ್ತೆ ಮತ್ತೆ ಹೇಳಿದರು. ಡಬ್ಬಿಯಲ್ಲಿ ರೋಸ್ಮೇರಿಯ ಚಿಗುರು ಹಾಕಿ ಕೊಟ್ಟರು. ಆಟೋ ಹತ್ತುವಾಗ ಕಾಕಾ ಸೂರಿನ ಕೆಳಗಿನ ಕುಂಡದ ಕಡೆ ತಿರುಗಿ, "ಝಾರಿ..." ಅಂದ. ಅಕ್ಕೋರು, "ಗಿಡಾ ಇಲ್ಲೇ ಇರತೈತಲ್ಲ, ಝಾರಿ ಅಲ್ಲಿ ಯಾಕ?" ಅಂದರು. ಅಂದ ಮೇಲೆ ತುಟಿ ಕಚ್ಚಿಕೊಂಡರು. ಆಟೋ ಹೊರಟಾಗಿತ್ತು.

ಯಾಕೆ ಕಳಿಸಿದಿರಿ ಎಂದು ಕೇಳಿದೆ. "ಎಷ್ಟ ದಿನ ಪೊಲೀಸರಂಗ ಕಾಯಲಿ? ನನಗೂ ಸಾಕಾಗೇತಿ. ನಾಕ ದಿನ ತಂಗಿ ಕೈಯಾಗಿಂದು ಉಂಡು, ನಕ್ಕೊಂತ ಇದ್ದ ಬರಲಿ" ಅಂದರು. ಆ ಮಧ್ಯಾಹ್ನ ಬಹಳ ದಿನಗಳ ಮೇಲೆ ಮಲಗಿ ನಿದ್ದೆ ಮಾಡಿದರು. ನಾನೇ ಹೊರಗಿನ ಬಾಗಿಲು ಎಳೆದುಕೊಂಡು ಬಂದೆ.

ನಾಲ್ಕು ದಿನ ಆಗಲಿಲ್ಲ. ಫೋನು ಬಂತು, ಉಸಿರಾಟ ಕಷ್ಟವಾಗಿದೆ ಅಂತ. ನಾವಿಬ್ಬರೂ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆಯಲ್ಲಿ ನೀರು ತುಂಬಿಕೊಂಡಿತ್ತು ಎಂದು ಡಾಕ್ಟರು ಅಂದರು. ಅಕ್ಕೋರು ಗಂಡನ ಕಾಲ ಹತ್ತಿರ ಹೋಗಿ, ಹೊದಿಕೆ ಸರಿಸಿ, ಪಾದದ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟರು. ಕುಳಿ ಬಿತ್ತು. ತುಂಬಿಕೊಳ್ಳಲಿಲ್ಲ. ನೋಡುತ್ತ ನಿಂತೇ ಇದ್ದರು. ನಾನು ರಟ್ಟೆ ಹಿಡಿದು ಹೊರಗೆ ಕರೆತಂದೆ.

ಓಣಿಗೆ ಸುದ್ದಿ ಬೇರೆಯೇ ರೂಪದಲ್ಲಿ ತಲುಪಿತು. ಪಾಪ, ಸಾಯುವ ಮುಂಚೆ ತಂಗಿಯ ಮನೆಯಲ್ಲಿ ಹೊಟ್ಟೆ ತುಂಬ ನೀರು ಕುಡಿದನಂತೆ. ಮಜ್ಜಿಗೆ, ಉಪ್ಪಿನಕಾಯಿ, ಮಿರ್ಚಿ ಭಜಿ, ಏನು ಕೇಳಿದರೂ ಕೊಟ್ಟಳಂತೆ ತಂಗಿ. ಒಡಹುಟ್ಟಿದವಳ ಕರುಳು ಅಂದರೆ ಅದು. ಮೊದಲೇ ಹೋಗಿದ್ದರೆ ಬದುಕುತ್ತಿದ್ದನೇನೋ! ನಾನು ಕಟ್ಟೆಯ ಮೇಲೆ ನಿಂತು ಬಾಯಿಗೆ ಬಂದದ್ದು ಬೈದೆ. ಅಕ್ಕೋರೇ ಕಿಟಕಿಯಿಂದ, "ಏ ಹುಡುಗಿ, ಒಳಗ ನಡಿ" ಅಂದರು. ಸತ್ತವನಿಗೆ ನೀರು ಕೊಟ್ಟ ತಂಗಿಯನ್ನು ಕೊಂದವಳು ಅನ್ನುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ.

ಹದಿಮೂರನೆಯ ದಿನ ಊಟವಾದ ಮೇಲೆ ತಂಗಿ ಅಕ್ಕೋರ ಕಾಲ ಹತ್ತಿರ ಬಂದು ಕೂತಳು. ಕಣ್ಣು ಊದಿದ್ದವು.

"ವೈನಿ, ಒಂದ ಮಾತು. ಕಡೀಕ ಅಣ್ಣಾ ನೀರ ಒಲ್ಲೆ ಅಂದ. ನಾನ ತಂಬಿಗಿ ಹಿಡದ್ರ ಕೈಲೆ ಸರಸಿದ. 'ಝಾರಿ ಎಲ್ಲೈತಿ? ಗಿಡಕ್ಕ ನೀರ ಹಾಕಬೇಕು, ಅಕಿ ತುಂಬಿ ಇಟ್ಟಿರತಾಳ, ಝಾರಿ ಕೊಡು' ಅಂತ ಒಂದ ಸವನ ಬಡಬಡಿಸಿದ. ಭ್ರಮಣಿ ಆಗಿತ್ತೇನ್ರಿ ಅವಗ?"

ಅಕಿ ತುಂಬಿ ಇಟ್ಟಿರತಾಳ. ಹಾಗಾದರೆ ಕಾಕಾನಿಗೂ ಗೊತ್ತಿತ್ತು. ಆಕೆಗೆ ಗೊತ್ತಿದೆಯೆಂದು ಆತನಿಗೆ ಗೊತ್ತಿತ್ತು. ಓಣಿಯ ಕಡೆ, ಬಾಗಿಲ ಕಡೆ ನೋಡುತ್ತಿದ್ದದ್ದೆಲ್ಲ ಅಕ್ಕೋರ ಸಮಾಧಾನಕ್ಕೇ ಇರಬೇಕು.  ಅಕ್ಕೋರನ್ನು ನೋಡಲು ಧೈರ್ಯ ಸಾಲಲಿಲ್ಲ.

"ಹೂಂ," ಅಂದರು ಅವರು, ನಾದಿನಿಯ ತಲೆಯ ಮೇಲೆ ಕೈಯಿಟ್ಟು. "ಭ್ರಮಣಿ ಆಗಿರಬೇಕು. ಏಳು, ಕೈ ತೊಳಕೋ."

ಮರುದಿನ ಬೆಳಿಗ್ಗೆ ಅಕ್ಕೋರು ಝಾರಿ ಹಿಡಿದು ಅಂಗಳಕ್ಕೆ ಬಂದರು. ಮಳೆ ಬಿಟ್ಟಿರಲಿಲ್ಲ, ಗಾಳಿಯಲ್ಲೇ ನೀರಿತ್ತು, ಕುಂಡದ ಮಣ್ಣು ಹಸಿಯಾಗಿಯೇ ಇದ್ದಿರಬೇಕು. ಬೆರಳು ಹಾಕಿ ನೋಡಲಿಲ್ಲ ಅವರು. ಸುರಿದರು. ಒಳಗೆ ಹೋಗಿ ತುಂಬಿಕೊಂಡು ಬಂದು ಮತ್ತೆ ಸುರಿದರು. ಕುಂಡ ತುಂಬಿ, ಇಟ್ಟಂಗಿ ತೊಯ್ದು, ಅಂಗಳದಲ್ಲಿ ಹರಿಯಿತು. ಮರುದಿನವೂ. ಅದರ ಮರುದಿನವೂ.

ಓಣಿಯ ಹೆಂಗಸರು ಗೇಟಿನಲ್ಲಿ ನಿಂತು ನೋಡಿದರು. ಒಬ್ಬಳು ನನಗೆ ಅಂದಳು, "ಬುದ್ಧಿ ಬಂತು ನೋಡ್ರಿ ಈಗ. ಗಂಡ ಹ್ವಾದ ಮ್ಯಾಲೆ ಮನಸ ಕರಗೇತಿ. ಗಿಡಕ್ಕ ಎಷ್ಟ ಅಂತಃಕರಣಲೆ ನೀರ ಹಾಕತಾರ!" ಅಷ್ಟು ವರ್ಷಗಳಲ್ಲಿ ಅಕ್ಕೋರ ಬಗ್ಗೆ ಓಣಿ ಆಡಿದ ಮೊದಲ ಒಳ್ಳೆಯ ಮಾತು ಅದು.

ನಾನು ಓಡಿಹೋಗಿ ಝಾರಿ ಹಿಡಿದೆ. "ಅಕ್ಕೋರ, ಏನ ಮಾಡಾಕತ್ತೀರಿ? ಬೇರ ಕೊಳೀತಾವ. ಸಾಯತೈತ್ರಿ ಅದು. ನೀವ ಹೇಳಿಕೊಟ್ಟದ್ದಲ್ಲೇನು?"

"ಗೊತ್ತೈತಿ."

"ಮತ್ತ ಯಾಕ ಕೊಲ್ಲತೀರಿ?"

ಝಾರಿಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನೀರ ಕೊಡದ ಉಳಿಸಿದ್ರ ಕೊಂದಾಕಿ ಅಂತಾರ. ನೀರ ಕೊಟ್ಟ ಕೊಂದ್ರ ಕರುಳೈತಿ ಅಂತಾರ. ಹೋಗಲಿ ಬಿಡು. ನಂದು ಮಂದಿ ಮಾತಲ್ಲ." ಗಿಡದ ಕಡೆ ಕೈ ಮಾಡಿದರು. "ಇದರ ಪಾಲಿನ ನೀರ ಅವರ ಬಾಯಿಗೆ ಹ್ವಾದದ್ದು ಇದಕ್ಕ ಗೊತ್ತೈತಿ. ದಿನಾ ಇದನ್ನ ನೋಡ್ಕೊಂತ ಇರಾಕ ಆಗಂಗಿಲ್ಲ ನನಗ. ಕಡಿಯಾಕೂ ಕೈ ಬರವಲ್ದು. ಅವರು ಹೆಂಗ ಹ್ವಾದ್ರೋ ಇದೂ ಹಂಗ ಹೋಗಲಿ."

ನಾನು ಗೇಟು ಎಳೆದುಕೊಂಡು ಮನೆಗೆ ಬಂದೆ. 

ಕೆಲವು ದಿನಕ್ಕೆ ಎಲೆಯ ತುದಿ ಕಂದಾಯಿತು. ಆಮೇಲೆ ರೆಂಬೆ ರೆಂಬೆಯೇ ಒಣಗಿ ಉದುರತೊಡಗಿತು. ಗೇಟಿನ ಹತ್ತಿರ ಹೆಂಗಸರು ಕೂಡಿದರು, ಮರುಗಿದರು. ಅವರಲ್ಲೊಬ್ಬಳು, ಅದೇ, ಮುಂದೆ ಅಕ್ಕೋರ ಹೆಣದ ಮುಂದೆ ಕಿವಿಮಾತು ಆಡಿದವಳೇ, ಅಂದಳು: "ಅಯ್ಯ, ನೀರ ಸಾಲವಲ್ದು ಅನಸತೈತ್ರಿ ಅಕ್ಕೋರ ಅದಕ್ಕ. ನೋಡ್ರಿ ಹೆಂಗ ಒಣಗೇತಿ. ಇನ್ನೊಂದೀಟ ಹಾಕ್ರಿ."

"ಹೌದ್ರಿ, ಹಾಕತೇನಿ" ಎಂದು ಅಕ್ಕೋರು ಒಳಗೆ ಹೋಗಿ ಝಾರಿ ತುಂಬಿಕೊಂಡು ಬಂದರು. ಅದೇ ಕಾಸಿ, ಆರಿಸಿ, ಸೋಸಿದ ನೀರು.